ನಮ್ಮ ಪಾಲಿಗೆ ತೀರಿಹೋದವರು

ಕಚೇರಿಯ ಕಾಗದಗಳಿಗೆ ಒಂದು ಒಕ್ಕಣೆ ಇರುತ್ತದೆ. ಯಾರು, ಯಾರಿಗೆ, ಯಾವ ವಿಷಯವಾಗಿ ಬರೆಯುತ್ತಿದ್ದಾರೆಂಬುದು ಮೊದಲ ಸಾಲುಗಳಲ್ಲಿಯೇ ಗೊತ್ತಾಗಿಬಿಡುತ್ತದೆ. ಮನೆಯ ಸಂಗತಿಯನ್ನು ಪರಿಚಯವಿಲ್ಲದವರ ಮುಂದೆ ಇಡುವುದಕ್ಕೆ ಅಂಥ ಒಕ್ಕಣೆ ಯಾವುದೆಂದು ನಾನರಿಯೆ. ಈ ಮೊದಲು ನಾನು ಬರೆದದ್ದೆಲ್ಲವೂ ಸರ್ಕಾರದ ಪರವಾಗಿ ಬರೆದದ್ದು. ತಪ್ಪಿದ್ದರೆ ಮೇಲಧಿಕಾರಿಗಳು ಕೆಂಪು ಶಾಯಿಯಲ್ಲಿ ತಿದ್ದಿ ಕಳುಹಿಸುತ್ತಿದ್ದರು. ಇಲ್ಲಿ ತಿದ್ದುವವರು ಯಾರೂ ಇಲ್ಲವಾದ ಕಾರಣ, ನನಗೆ ತಿಳಿದಿರುವ ಕ್ರಮದಲ್ಲಿಯೇ ವಿಷಯವನ್ನು ಮೊದಲು ನಮೂದಿಸಿಬಿಡುತ್ತೇನೆ. ನನ್ನ ತಂದೆಯವರ ಅಣ್ಣನಾದ ದೊಡ್ಡಪ್ಪನವರು ಯಾವಾಗ ತೀರಿಕೊಂಡರು ಎಂಬುದನ್ನು ಮರಣಶಾಸನಗಳಿಂದಲೂ ಚರ್ಚಿನ ದಾಖಲೆಗಳಿಂದಲೂ ನಾನು ಪತ್ತೆಮಾಡಿದ್ದು, ಮತ್ತು ಅದರಿಂದ ಅವರ ಪತ್ನಿಯಾದ ನನ್ನ ದೊಡ್ಡಮ್ಮನವರಿಗೆ ಆದದ್ದು, ಈ ಬರವಣಿಗೆಯ ವಿಷಯ.

ಚಾಮರಾಜಪೇಟೆಯಲ್ಲಿರುವ ನಮ್ಮ ಮನೆ ತಾತನವರು ಕಟ್ಟಿಸಿದ್ದು. ಮುಂದೆ ಜಗಲಿ, ನಡುವೆ ಹಜಾರ, ಹಿಂದೆ ಅಡಿಗೆಮನೆ, ಅದರಾಚೆ ಬಾವಿ. ಬಾವಿಯ ಪಕ್ಕದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಅದು ದೊಡ್ಡಮ್ಮನವರದು. ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದು, ಬೆಳಗಿನಿಂದ ಮಡಿಯಲ್ಲಿ ನಮಗೆಲ್ಲ ಅಡಿಗೆ ಮಾಡಿ ಬಡಿಸಿ, ತಾವು ಒಂದೇ ಹೊತ್ತು ಉಂಡು, ಆ ಕೋಣೆಗೆ ಹೋಗಿ ಮಲಗುವರು. ನಾನು ಕಣ್ಣುಬಿಟ್ಟಾಗಿನಿಂದ ಅವರನ್ನು ಹಾಗೆಯೇ ಕಂಡಿದ್ದೇನೆ. ಎಳೆಯ ವಯಸ್ಸಿನಲ್ಲಿ ಮದುವೆಯಾಗಿ ನಮ್ಮ ಮನೆಗೆ ಬಂದವರು. ದೊಡ್ಡಪ್ಪನವರು ಮದರಾಸಿನಲ್ಲಿ ಓದುತ್ತಿದ್ದಾಗ, ಊರೂರುಗಳಲ್ಲಿ ಜನ ಜ್ವರ ಬಂದು ಸಾಲುಸಾಲಾಗಿ ಸತ್ತ ಆ ವರ್ಷ, ಅಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರೆಂದು ತಂತಿ ಬಂದಿತಂತೆ. ದೊಡ್ಡಮ್ಮನವರಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ನಮಗೆ ಮಕ್ಕಳಿಗೆ ಹೇಳಿದ್ದು ಇಷ್ಟೇ.

ನಾನು ಹೈಸ್ಕೂಲಿನಲ್ಲಿದ್ದ ಕಾಲದಲ್ಲಿ, ಅಂದರೆ ಯುದ್ಧದ ವರ್ಷಗಳಲ್ಲಿ, ಒಂದು ಸಂಗತಿಯನ್ನು ಗಮನಿಸಿದೆ. ಪಿತೃಪಕ್ಷದಲ್ಲಿ ನನ್ನ ತಂದೆಯವರು ಹಜಾರದಲ್ಲಿ ಕುಳಿತು ತರ್ಪಣ ಬಿಡುವಾಗ, ಶಂಕರಪುರದಿಂದ ಬರುತ್ತಿದ್ದ ಪುರೋಹಿತರು ತೀರಿಹೋದವರನ್ನು ಒಬ್ಬೊಬ್ಬರನ್ನಾಗಿ ಹೇಳಿಸುವರು. ತಂದೆ, ತಾತ, ಮುತ್ತಾತ, ತಾಯಿ, ಸೋದರಮಾವ, ಕಡೆಗೆ ಮಕ್ಕಳಿಲ್ಲದೆ ಸತ್ತ ದೂರದ ನೆಂಟರವರೆಗೆ ಎಲ್ಲರಿಗೂ ಎಳ್ಳುನೀರು ಸಲ್ಲುತ್ತಿತ್ತು. ಅಣ್ಣನ ಸರದಿ ಬಂದಾಗ ಮಾತ್ರ ತಂದೆಯವರು ಕೈ ತಡೆದು, "ಮುಂದಕ್ಕೆ ಹೇಳಿ" ಎನ್ನುವರು. ಪುರೋಹಿತರು ಮುಂದಕ್ಕೆ ಹೇಳುವರು. ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ ದೊಡ್ಡಮ್ಮನವರು, ಪುರೋಹಿತರು ಹೊರಟುಹೋದ ಮೇಲೆ ತಂದೆಯವರನ್ನು ಕೇಳುವರು:

"ಈ ವರ್ಷಾನೂ ಬಿಟ್ಬಿಟ್ರಾ?"

"ಅತ್ತಿಗೆ, ಅದೆಲ್ಲ ನಿಮಗೆ ಗೊತ್ತಾಗಲ್ಲ. ಬಿಡಿ."

"ನನಗೇನು ಗೊತ್ತಾಗ್ಬೇಕು? ಒಂದು ಹಿಡಿ ಎಳ್ಳಿಗೂ ಬರ ಬಂತಾ ಈ ಮನೇಲಿ?"

ತಂದೆಯವರು ಅಂಗವಸ್ತ್ರ ಹೊದ್ದು ಜಗಲಿಗೆ ಹೋಗಿಬಿಡುವರು. ದೊಡ್ಡಪ್ಪನವರಿಗೆ ತರ್ಪಣವೂ ಇರಲಿಲ್ಲ, ವರ್ಷಕ್ಕೊಮ್ಮೆ ಮಾಡಬೇಕಾದ ಶ್ರಾದ್ಧವೂ ಇರಲಿಲ್ಲ. ತಂತಿ ಬಂದ ತಿಥಿಯಂದು ದೊಡ್ಡಮ್ಮನವರು ತಾವೇ ಉಪವಾಸವಿರುತ್ತಿದ್ದರು, ಅಷ್ಟೆ.

ಸ್ವಾತಂತ್ರ್ಯ ಬಂದ ಮೇಲೆ ನನ್ನ ತಂದೆಯವರು ಕಾಲವಾದರು. ಅವರ ವರ್ಷಾಬ್ದಿಕವನ್ನು ನಾನು ಮಾಡಿ ಮುಗಿಸಿದ ದಿನ ಮಧ್ಯಾಹ್ನ ದೊಡ್ಡಮ್ಮನವರು ನನ್ನನ್ನು ಬಾವಿಯ ಬಳಿಗೆ ಕರೆದರು.

"ನೋಡಪ್ಪ, ನಿಮ್ಮಪ್ಪ ಮಾಡ್ಲಿಲ್ಲ, ಹೋದ. ಇನ್ನು ಕರ್ತೃ ನೀನು. ನನಗೆ ಮಕ್ಕಳಿಲ್ಲ. ನಾನು ಕಣ್ಮುಚ್ಚೋದ್ರೊಳಗೆ ಒಂದೇ ಒಂದ್ಸಲ ಅವರಿಗೊಂದು ಪಿಂಡ ಹಾಕ್ಬಿಡು. ಅವರು ಅಲ್ಲಿ ಹಸ್ಕೊಂಡು ಕೂತಿರ್ತಾರೆ."

ಅವರು ನನ್ನಿಂದ ಅದುವರೆಗೆ ಏನನ್ನೂ ಕೇಳಿದವರಲ್ಲ. ನಾನು ಆಗಲೆಂದು ಒಪ್ಪಿ, ಮರುದಿನವೇ ಪುರೋಹಿತರ ಮನೆಗೆ ಹೋದೆ. ಅವರು ನನ್ನ ಮಾತನ್ನು ಕೇಳಿ, "ತಂತಿ ಬಂದ ದಿನ ಬೇರೆ, ಹೋದ ದಿನ ಬೇರೆ. ತಿಥಿ ಗೊತ್ತಿಲ್ದೆ ಹೇಗೆ ಮಾಡ್ತೀರಿ? ನಿಮ್ಮ ತಂದೆ ಇಷ್ಟು ವರ್ಷ ಮಾಡ್ಲಿಲ್ಲ ಅಂದ್ರೆ ಏನೋ ಕಾರಣ ಇರುತ್ತೆ. ಏನಾದ್ರೂ ದಾಖಲೆ ಇದ್ರೆ ತನ್ನಿ, ನೋಡೋಣ" ಎಂದರು. ಅವರು ಕೇವಲ ನನ್ನನ್ನು ಸಾಗಹಾಕುವುದಕ್ಕೆ ಹಾಗೆಂದಿದ್ದರೂ ಇರಬಹುದು. ಆದರೆ ದಾಖಲೆ ತನ್ನಿರೆಂದು ಗುಮಾಸ್ತನಿಗೆ ಹೇಳಿದರೆ ಆತ ತರದೆ ಬಿಡುವುದಿಲ್ಲ.

ತಾತನವರು ಎರಡು ಸಲ ಮರಣಶಾಸನ ಬರೆಸಿದ್ದರು. ಮೊದಲನೆಯದು ತಂದೆಯವರ ಟ್ರಂಕಿನಲ್ಲಿಯೇ ಇದ್ದಿತು. ಅದರಲ್ಲಿ ಮನೆಯ ಪೂರ್ವದ ಭಾಗವನ್ನು ಜ್ಯೇಷ್ಠ ಪುತ್ರನಿಗೂ ಪಶ್ಚಿಮದ ಭಾಗವನ್ನು ಕನಿಷ್ಠ ಪುತ್ರನಿಗೂ ಬರೆದಿದ್ದರು. ಅದರ ಮೇಲೆ ಅಡ್ಡಲಾಗಿ ಗೆರೆ ಎಳೆದು 'ರದ್ದು' ಎಂದು ಅವರೇ ರುಜು ಹಾಕಿದ್ದರು. ಎರಡನೆಯದರ ನಕಲನ್ನು ನಾನು ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆದೆ. ಅದರಲ್ಲಿ ಮನೆ ಪೂರ್ತಿಯಾಗಿ ನನ್ನ ತಂದೆಯವರಿಗೆ. ಅದರ ಕೊನೆಯಲ್ಲಿ ಈ ಮಾತುಗಳಿದ್ದವು: 'ನಮ್ಮ ಪಾಲಿಗೆ ತೀರಿಹೋದ ನನ್ನ ಜ್ಯೇಷ್ಠ ಪುತ್ರನ ಪತ್ನಿಗೆ ಅನ್ನವಸ್ತ್ರವೂ ಬಾವಿಯ ಪಕ್ಕದ ಕೋಣೆಯೂ ಆಕೆಯ ಜೀವಮಾನಪರ್ಯಂತ ಸಲ್ಲತಕ್ಕದ್ದು.'

ತೀರಿಹೋದ ದಿನವಾಗಲೀ ಸ್ಥಳವಾಗಲೀ ಅದರಲ್ಲಿ ಇರಲಿಲ್ಲ. 'ನಮ್ಮ ಪಾಲಿಗೆ' ಎಂಬುದನ್ನು ನಾನು ಆಸ್ತಿಯ ಪಾಲು ಎಂದೇ ಓದಿಕೊಂಡೆ. ದಿನವೂ ಭಾಗಪತ್ರಗಳ ನಡುವೆ ಕುಳಿತಿರುವ ನನಗೆ ಪಾಲು ಎಂದರೆ ಬೇರೆ ಅರ್ಥ ಹೊಳೆಯಲಿಲ್ಲ. ಆಸ್ತಿ ಪಾಲಾಗುವ ಮೊದಲೇ ಮಗ ತೀರಿಹೋದದ್ದರಿಂದ ಅವನ ಪಾಲು ನಮಗೆ ಉಳಿಯಿತು ಎಂದು ಒಂದು ಟಿಪ್ಪಣಿಯನ್ನೂ ಬರೆದುಕೊಂಡೆ. ಆದರೆ ಇನ್ನೊಂದು ಪದ ನನ್ನನ್ನು ಬಾಧಿಸಿತು. ತಾತನವರು ಪದಗಳ ವಿಷಯದಲ್ಲಿ ಬಹು ನಿಷ್ಠುರರೆಂದು ಕೇಳಿದ್ದೆ. ಅಂಥವರು ಸೊಸೆಯನ್ನು 'ವಿಧವೆ' ಎಂದು ಬರೆಯದೆ 'ಪತ್ನಿ' ಎಂದು ಏಕೆ ಬರೆದರು?

ಈ ಪ್ರಶ್ನೆಯನ್ನು ನಾನು ನನ್ನ ತಾಯಿಯವರ ಮುಂದಿಟ್ಟೆ. ದೊಡ್ಡಮ್ಮನವರು ಆಗ ದೇವಸ್ಥಾನಕ್ಕೆ ಹೋಗಿದ್ದರು. ನನ್ನ ಟಿಪ್ಪಣಿಯನ್ನು ಓದಿ ಹೇಳಿದ ಕೂಡಲೇ ತಾಯಿಯವರು, "ನಿನ್ನ ಓದಿಗಿಷ್ಟು ಬೆಂಕಿ ಹಾಕ" ಎಂದರು. ಆಮೇಲೆ ಬಾಗಿಲ ಕಡೆಗೆ ನೋಡಿ, ದನಿ ತಗ್ಗಿಸಿ:

"ಪಾಲು ಅಂದ್ರೆ ಮನೆ ಪಾಲಲ್ಲ ಕಣೋ. ನಿಜವಾಗ್ಲೂ ಸತ್ತೋರನ್ನ ಯಾರಾದ್ರೂ ನಮ್ಮ ಪಾಲಿಗೆ ಸತ್ತ ಅಂತಾರಾ? ಬದುಕಿರೋರನ್ನ ಹಾಗಂತಾರೆ."

"ಹಾಗಾದ್ರೆ ತಂತಿ?"

"ಯಾವ ತಂತಿನೂ ಬರ್ಲಿಲ್ಲ. ನಿಮ್ಮ ದೊಡ್ಡಪ್ಪ ಮದರಾಸಿಂದ ವಾಪಸ್ ಬಂದು ಮನೆಗೆ ಬರ್ಲಿಲ್ಲ, ಇದೇ ಊರಿನ ದಂಡಿಗೆ ಹೋಗಿ ಕಿರಸ್ತಾನರಾದ್ರು. ಹಾಗಂತ ಕಾಗದ ಬರೆದ್ರಂತೆ. ನಿಮ್ಮ ತಾತ ನಿಮ್ಮ ದೊಡ್ಡಮ್ಮನ್ನ ತೌರಿಗೆ ಕಳಿಸಿ, ಪುರೋಹಿತರನ್ನ ಕರೆಸಿ, ಹಿತ್ತಲಲ್ಲಿ ಮಡಕೆ ಒಡೆದು, ಬದುಕಿರೋ ಮಗನಿಗೆ ಎಳ್ಳುನೀರು ಬಿಟ್ಟು ಸ್ನಾನ ಮಾಡಿದ್ರಂತೆ. ಆಮೇಲೆ, ತಂತಿ ಬಂತು ಅಂತ ತೌರಿಗೆ ಹೇಳಿ ಕಳಿಸಿದ್ದು. ಮನೇಲಿ ಮದುವೆಗೆ ಹೆಣ್ಣುಮಕ್ಕಳಿದ್ರು. ಅಣ್ಣ ಕಿರಸ್ತಾನ ಅಂದ್ರೆ ಯಾರು ಮಾಡ್ಕೋತಾರೆ? ನನಗೆ ನಿಮ್ಮಪ್ಪ ಹೇಳಿದ್ದು, ಅದೂ ಆಣೆ ಹಾಕಿಸ್ಕೊಂಡು."

ತಾತನವರಿಗೆ ಸೊಸೆಯ ತಲೆ ಬೋಳಿಸುವುದಕ್ಕೆ ಧೈರ್ಯ ಬಂದಿತ್ತು, ನೋಂದಣಿಯಾಗುವ ಕಾಗದದಲ್ಲಿ ಸುಳ್ಳು ಬರೆಸುವುದಕ್ಕೆ ಬಂದಿರಲಿಲ್ಲ.

ಇಷ್ಟಾದ ಮೇಲೆ ನಾನು ಸುಮ್ಮನಿರಬಹುದಿತ್ತು. ಆದರೆ ಬಾವಿಯ ಬಳಿಗೆ ಹೋದಾಗಲೆಲ್ಲ ದೊಡ್ಡಮ್ಮನವರು "ಸಿಕ್ತೇನೋ ತಿಥಿ?" ಎಂದು ಕೇಳುತ್ತಿದ್ದರು. ದೊಡ್ಡಪ್ಪನವರು ಇನ್ನೂ ಬದುಕಿದ್ದರೆ ಏನು ಗತಿಯೆಂಬ ಭಯವೂ ನನ್ನನ್ನು ಹಿಡಿಯಿತು. ಶನಿವಾರ ಅರ್ಧ ದಿನ ಕಚೇರಿ ಮುಗಿಸಿಕೊಂಡು ಸೈಕಲ್ಲಿನಲ್ಲಿ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಗೆ ಹೊರಟೆ. ಪೇಟೆಯ ನಮ್ಮಂಥವರಿಗೆ ಆಗ ದಂಡೆಂದರೆ ಪರವೂರು. ಅಲ್ಲಿಯ ಜನ, ಅಂಗಡಿ, ಮಾತು ಎಲ್ಲವೂ ಬೇರೆ. ಎರಡು ಚರ್ಚುಗಳಲ್ಲಿ ವಿಚಾರಿಸಿ, ಕನ್ನಡದಲ್ಲಿ ಆರಾಧನೆ ನಡೆಯುತ್ತಿದ್ದ ಮೂರನೆಯದಕ್ಕೆ ಹೋದೆ. ಅಲ್ಲಿಯ ಪಾದ್ರಿಯವರು ಕನ್ನಡದವರೇ, ವಯಸ್ಸಾದವರು. ವರಾಂಡದಲ್ಲಿ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದವರು ನನ್ನ ಕೋಟನ್ನೂ ಪೇಟವನ್ನೂ ನೋಡಿ ಗಾಬರಿಯಾದರು.

"ಸರ್ಕಾರದ ಕಡೆಯೋರಾ? ಕಂದಾಯ ಕಟ್ಟಿದ್ದೀವಲ್ಲ ಸ್ವಾಮಿ!"

ನಾನು ವಿಷಯವನ್ನು ಅರಿಕೆ ಮಾಡಿಕೊಂಡೆ. ಅವರು ಕೈ ಒರೆಸಿಕೊಂಡು ಎದ್ದು, ಒಳಗಿನ ಬೀರುವಿನಿಂದ ದಾಖಲೆಗಳನ್ನು ತೆಗೆಸಿ ಮೇಜಿನ ಮೇಲಿಟ್ಟರು. ತಾವು ಎದುರಿಗೆ ಕುಳಿತು, "ಹುಡುಕಿ. ಆತುರ ಬೇಡ. ಇಲ್ಲಿ ಯಾರೂ ಎಲ್ಲಿಗೂ ಹೋಗಲ್ಲ" ಎಂದರು.

ಕ್ರೈಸ್ತರಾದವರ ದೀಕ್ಷಾಸ್ನಾನದ ದಾಖಲೆಯಲ್ಲಿ ಹೊಸ ಹೆಸರಿನ ಪಕ್ಕದಲ್ಲಿ ಹಿಂದಿನ ಹೆಸರು, ತಂದೆಯ ಹೆಸರು, ಊರು ಇವುಗಳನ್ನು ಬರೆಯುವ ಕ್ರಮವಿದ್ದಿತು. ತಾತನವರ ಹೆಸರನ್ನು ಅಂಥ ಸ್ಥಳದಲ್ಲಿ ಕಂಡು, ಅದರ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದೆ. ಮುಂದೆ, 'ವಿವಾಹಿತ. ಪತ್ನಿ ಚಾಮರಾಜಪೇಟೆಯ ಮನೆಯಲ್ಲಿ' ಎಂದಿತ್ತು. ಕೆಲವು ವರ್ಷಗಳ ಅನಂತರ ಮದುವೆಯ ದಾಖಲೆಯಲ್ಲಿ ಅದೇ ಹೆಸರು. ವೃತ್ತಿ, ಉಪಾಧ್ಯಾಯ. ವಧು, ಇದೇ ಚರ್ಚಿನ ಸಭೆಯಲ್ಲಿ ಬೋಧಿಸುತ್ತಿದ್ದ ಒಬ್ಬ ಉಪದೇಶಿಯ ಮಗಳು. ವರನ ಸ್ಥಿತಿ ಎಂಬ ಕಡೆ ಸ್ಪಷ್ಟವಾದ ಅಕ್ಷರಗಳಲ್ಲಿ 'ವಿಧುರ' ಎಂದು ಬರೆದಿತ್ತು.

ಹೆಂಡತಿ ಸತ್ತವನನ್ನು ವಿಧುರ ಎನ್ನುತ್ತಾರೆ. ಅವರ ಹೆಂಡತಿ ಆ ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ನನಗೆ ಹುಳಿಯನ್ನ ಕಟ್ಟಿಕೊಟ್ಟು ಕಳುಹಿಸಿದ್ದರು.

ಮತ್ತೊಂದು ಮದುವೆಯ ಆಸೆಗೆ ಇಷ್ಟು ದೊಡ್ಡ ಸುಳ್ಳು ಬರೆಸಿದರಲ್ಲ ಎಂದು ನನಗೆ ವಿಪರೀತವಾದ ಕೋಪ ಬಂದಿತು. ಪಾದ್ರಿಯವರಿಗೆ ಅದನ್ನು ಹೇಳಲಿಲ್ಲ. ಮುಂದೆ ಹುಡುಕಿದೆ. ಬಹಳ ತಡವಾಗಿ ಹುಟ್ಟಿದ ಒಬ್ಬಳೇ ಮಗಳ ದೀಕ್ಷಾಸ್ನಾನ. ಆಮೇಲೆ ಸಮಾಧಿಯ ದಾಖಲೆಯಲ್ಲಿ ದೊಡ್ಡಪ್ಪನವರ ಹೆಸರು. ಯುದ್ಧದ ಕೊನೆಯ ಚಳಿಗಾಲದಲ್ಲಿ ಎದೆನೋವಿನಿಂದ ತೀರಿಕೊಂಡಿದ್ದರು. ಅದುವರೆಗೆ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗಿಬರಬಹುದಾದಷ್ಟು ದೂರದಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟುಕೊಂಡು ಇದ್ದರು. "ಒಳ್ಳೇ ಮೇಷ್ಟ್ರು. ಜಾಸ್ತಿ ಮಾತಿಲ್ಲ" ಎಂದರು ಪಾದ್ರಿಯವರು.

ಅಟ್ಟದ ಮೇಲೆ ತಂದೆಯವರು ಕಟ್ಟಿಟ್ಟಿದ್ದ ಹಳೆಯ ಪಂಚಾಂಗಗಳಲ್ಲಿ ಆ ಇಂಗ್ಲಿಷ್ ತಾರೀಖಿಗೆ ತಿಥಿ ನೋಡಿದೆ. ಮಾಘ ಬಹುಳ ಪಂಚಮಿ. ಶ್ರಾದ್ಧಕ್ಕೆ ಬೇಕಾದದ್ದು ಮಾಸ, ಪಕ್ಷ, ತಿಥಿ, ಇಷ್ಟೇ. ಯಾವ ವರ್ಷವೆಂದು ಯಾರೂ ಕೇಳುವುದಿಲ್ಲ. ಆದ್ದರಿಂದ ದೊಡ್ಡಮ್ಮನವರಿಗೆ ತಿಥಿಯನ್ನು ಮಾತ್ರ ಹೇಳಿದರೆ ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ, ಅವರಿಗೆ ನೋವಾಗುವುದೂ ಇಲ್ಲ ಎಂದು ಯೋಚಿಸಿ, ತಾಯಿಯವರೊಡನೆ ಆಲೋಚಿಸಿ, ಹಾಗೆಯೇ ಮಾಡುವುದೆಂದು ತೀರ್ಮಾನಿಸಿದೆವು.

ದೊಡ್ಡಮ್ಮನವರು ಕೋಣೆಯ ಹೊಸಲಿನ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಸಿಕ್ತು ದೊಡ್ಡಮ್ಮ. ಮಾಘ ಬಹುಳ ಪಂಚಮಿ."

ಅವರು ಕೈ ಮುಗಿದು ಕಣ್ಣಿಗೊತ್ತಿಕೊಂಡರು. ಮತ್ತೆ ಮೊರಕ್ಕೆ ಹಾಕಿದ ಕೈಯನ್ನು ಹಾಗೆಯೇ ತಡೆದರು.

"ಮಾಘಾನಾ? ತಂತಿ ಬಂದಿದ್ದು ಆಶ್ವಯುಜದಲ್ಲಲ್ವೇನೋ?"

ನಾನು ಬಾವಿಯ ಕಡೆಗೆ ನೋಡಿದೆ.

"ಸಾಯೋಕ್ಕೆ ಮುಂಚೆನೇ ತಂತಿ ಕೊಟ್ರಾ ಆಸ್ಪತ್ರೆಯೋರು? ಯಾವ ಸಂವತ್ಸರ ಅದು?"

ಅಕ್ಷರ ಕಲಿಯುವ ಮೊದಲೇ ಸಂವತ್ಸರಗಳನ್ನು ಬಾಯಿಪಾಠ ಮಾಡಿ, ಮನೆಯ ಹುಟ್ಟು ಸಾವು ಮದುವೆಗಳನ್ನೆಲ್ಲ ಅವುಗಳ ಹೆಸರಿನಿಂದಲೇ ನೆನಪಿಟ್ಟುಕೊಂಡವರು ಈ ಪ್ರಶ್ನೆಯನ್ನು ಕೇಳುತ್ತಾರೆಂದು ನಮಗೆ ಹೊಳೆದಿರಲಿಲ್ಲ. ಸುಳ್ಳು ಹೇಳೋಣವೆಂದರೆ ಬೇರೆ ಯಾವ ಸಂವತ್ಸರದ ಹೆಸರೂ ನನ್ನ ಬಾಯಿಗೆ ಬರಲಿಲ್ಲ.

"ತಾರಣ" ಎಂದೆ.

"ತಂತಿ ಬಂದಿದ್ದು ಕಾಳಯುಕ್ತಿಲಿ." ಅವರು ಬೆರಳಿನ ಗೆಣ್ಣುಗಳ ಮೇಲೆ ಎಣಿಸುತ್ತ ಹೋದರು. ಎರಡು ಕೈಗಳ ಗೆಣ್ಣುಗಳೂ ಮುಗಿದು ಮತ್ತೆ ಮೊದಲಿನಿಂದ ಎಣಿಸಿದರು. ಇಪ್ಪತ್ತಾರಕ್ಕೆ ಎಣಿಸುವುದನ್ನು ನಿಲ್ಲಿಸಿ, "ನಿಮ್ಮಕ್ಕನ ಮದುವೆ ತಾರಣದಲ್ಲಿ ಆಗಿದ್ದಲ್ವಾ? ವೈಶಾಖದಲ್ಲಿ?" ಎಂದು ಕೇಳಿದರು.

"ಹೌದು."

"ವೈಶಾಖ ಆದ್ಮೇಲೆ ಮಾಘ ಬರೋದು."

"ಹೌದು ದೊಡ್ಡಮ್ಮ."

"ಅವತ್ತು ಧಾರೆ ಹೊತ್ನಲ್ಲಿ ನನ್ನ ಈ ಕೋಣೇಲಿ ಕೂರಿಸಿ ಹೊರಗಿಂದ ಚಿಲಕ ಹಾಕಿದ್ರಿ. ಗಂಡಿನ ಕಡೆಯೋರ ಕಣ್ಣಿಗೆ ಬೀಳ್ಬಾರ್ದು, ಅಪಶಕುನ ಅಂತ. ಒಳಗೆ ಕೂತು ವಾಲಗ ಕೇಳಿಸ್ಕೊಂಡೆ." ಅವರು ಅಳಲಿಲ್ಲ. "ನಾನವತ್ತು ಮುತ್ತೈದೆ ಕಣೋ."

ಅಡಿಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದ ನನ್ನ ತಾಯಿಯವರು ಓಡಿಬಂದು ಅವರ ಕಾಲ ಬಳಿ ಕುಳಿತುಬಿಟ್ಟರು. ಕಾಗದ ಬಂದದ್ದು, ಹಿತ್ತಲಲ್ಲಿ ಮಡಕೆ ಒಡೆದದ್ದು, ತಂತಿಯ ಸುಳ್ಳು ಎಲ್ಲವನ್ನೂ ಹೇಳಿದರು. ದಂಡಿನಲ್ಲಿ ಅವರು ಮತ್ತೆ ಮದುವೆಯಾದದ್ದನ್ನೂ ದಾಖಲೆಯಲ್ಲಿ ವಿಧುರ ಎಂದಿರುವುದನ್ನೂ ನಾನು ಹೇಳಿದೆ. ಹೇಳುವಾಗ ನನ್ನ ಕೋಪವೂ ಮಾತಿನಲ್ಲಿ ಬಂದಿತು. ಆಗ ತಾಯಿಯವರು ನನ್ನ ಮೊಳಕೈ ಹಿಡಿದು ತಡೆದರು.

"ಅವರನ್ನ ಬೈಬೇಡ. ಇನ್ನೊಂದು ಮಾತಿದೆ, ನಿನಗೂ ಹೇಳಿರ್ಲಿಲ್ಲ. ಅಕ್ಕಾ, ಅವರು ನಿಮ್ಮನ್ನ ಕರ್ಕೊಂಡು ಹೋಗೋಕ್ಕೆ ಬಂದಿದ್ರಂತೆ. ಮಾವನವರು ಬಾಗಿಲಲ್ಲೇ ನಿಲ್ಲಿಸಿ, ಅವಳೂ ಅದೇ ಜ್ವರದಲ್ಲಿ ಹೋದ್ಲು ಅಂದ್ಬಿಟ್ರಂತೆ."

"ಬಂದಿದ್ರಾ?"

"ಹೂಂ."

"ನಾನೆಲ್ಲಿದ್ದೆ?"

"ಇಲ್ಲೇ ಅಕ್ಕ. ಹಿಂದ್ಗಡೆ."

"ಬಂದಿದ್ರಾ?" ಎಂದು ದೊಡ್ಡಮ್ಮನವರು ಮತ್ತೊಮ್ಮೆ ಕೇಳಿದರು. ಮೊರವನ್ನು ಬದಿಗಿಟ್ಟು ಎದ್ದು, ಬಾವಿಯಿಂದ ನೀರು ಸೇದಿ, ಉಟ್ಟ ಸೀರೆಯಲ್ಲಿಯೇ ತಲೆಯ ಮೇಲೆ ಸುರಿದುಕೊಂಡರು. ಗಂಡನ ಸಾವಿನ ಸುದ್ದಿ ಎಷ್ಟು ತಡವಾಗಿ ಕಿವಿಗೆ ಬಿದ್ದರೂ, ಬಿದ್ದ ದಿನದಿಂದ ಹತ್ತು ದಿನ ಸೂತಕ. ಹತ್ತು ದಿನವೂ ಅವರು ಅಡಿಗೆಮನೆಗೆ ಬರಲಿಲ್ಲ. ಯಾರನ್ನೂ ಮುಟ್ಟಲಿಲ್ಲ. ತಾಯಿಯವರು ಎಲೆಯಲ್ಲಿ ಅನ್ನವನ್ನು ದೂರದಲ್ಲಿ ಇಡುವರು. ಒಂದೊಂದು ದಿನ ಅದು ಹಾಗೆಯೇ ಇರುವುದು.

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ ನೋಡಿ ಕೇಳಿದರು:

"ಇದೇನ್ರೀ ಹೀಗೆ ಹೊರಗಡೆ ಕೂತಿದ್ದೀರಿ? ಯಾರು ಹೋದ್ರು?"

"ನಮ್ಮನೆಯವರು" ಎಂದರು ದೊಡ್ಡಮ್ಮ.

"ಅಯ್ಯೋ ಶಿವನೇ! ಅವರು ಹೋಗಿ ಯಾವ ಕಾಲ ಆಯ್ತಲ್ರೀ!"

"ಸುದ್ದಿ ಈಗ ಬಂತು."

ಆಕೆ ತಲೆ ಒಳಕ್ಕೆಳೆದುಕೊಂಡರು. ದೊಡ್ಡಮ್ಮನವರಿಗೆ ಬುದ್ಧಿ ಪಲ್ಲಟವಾಗಿದೆಯೆಂಬ ಮಾತು ಸಂಜೆಯೊಳಗೆ ನಮ್ಮ ರಸ್ತೆಯ ತುದಿ ಮುಟ್ಟಿತು. ಅದನ್ನು ಅಲ್ಲಗಳೆಯುವ ಹಾಗೂ ನಮಗೆ ಇರಲಿಲ್ಲ.

ಪುರೋಹಿತರಿಗೆ ತಿಥಿ ತಿಳಿಸಿದೆ. ಅವರು ನನ್ನನ್ನು ಒಳಗೆ ಕೂರಿಸಿ, ಮಡಕೆ ಒಡೆದು ಕಳಚಿಕೊಂಡವರಿಗೆ ಆಮೇಲೆ ಪಿಂಡವಿಲ್ಲವೆಂದೂ, ಆ ದಿನ ಹಿತ್ತಲಲ್ಲಿ ಮಂತ್ರ ಹೇಳಿಸಿದವರು ತಮ್ಮ ತಂದೆಯೇ ಎಂದೂ ಹೇಳಿದರು. ಹೇಳುವಾಗ ಅವರ ಮುಖ ಬಾಡಿತ್ತು. ಇದನ್ನು ನಾನು ಹನ್ನೊಂದನೆಯ ದಿನ ದೊಡ್ಡಮ್ಮನವರಿಗೆ ಒಪ್ಪಿಸಿದಾಗ ಅವರು, "ಬಿಡು. ಅವರಿಗೆ ನಂಬಿಕೆ ಇಲ್ದಿರೋದನ್ನ ನಾನ್ಯಾಕೆ ತಿನ್ನಿಸ್ಲಿ" ಎಂದರು. ಬೇರೊಂದನ್ನು ಯೋಚಿಸಿ ಇಟ್ಟುಕೊಂಡಿದ್ದರೆಂಬುದು ಆಗ ಗೊತ್ತಾಯಿತು.

"ನೀನು ಅರ್ಜಿ ಚೆನ್ನಾಗಿ ಬರೀತೀಯಂತಲ್ಲ. ನನಗೊಂದು ಬರ್ಕೊಡು."

"ಯಾರಿಗೆ?"

"ಆ ಪಾದ್ರಿಗಳಿಗೆ. ಅವರ ಪುಸ್ತಕದಲ್ಲಿ ನಾನು ಸತ್ತಿದೀನಿ ಅಂತಿದ್ಯಲ್ಲ, ಅದನ್ನ ತಿದ್ದಿಸ್ಬೇಕು. ಇಲ್ಲಿ ಇಷ್ಟು ವರ್ಷ ಹೆಣದ ಹಾಗೇ ಇದ್ದೆ. ಅವರ ಹೆಸರಿನ ಪಕ್ಕದಲ್ಲಾದ್ರೂ ಬದುಕಿದ್ದೆ ಅಂತ ಇರ್ಲಿ."

ನಾನು ಕಾಗದ, ಮಸಿ ತಂದು ಜಗಲಿಯ ಮೇಲೆ ಕುಳಿತೆ. ನಮ್ಮ ಕಚೇರಿಗಳಲ್ಲಿ ಇಂಥವನ ಮಗ ಎನ್ನುವುದಕ್ಕೆ 'ಬಿನ್' ಎಂದೂ, ಇಂಥವನ ಹೆಂಡತಿ ಎನ್ನುವುದಕ್ಕೆ 'ಕೋಂ' ಎಂದೂ ಬರೆಯುವುದು ರೂಢಿ; ಗಂಡ ಸತ್ತಿದ್ದರೆ ಅವನ ಹೆಸರಿನ ಹಿಂದೆ 'ಲೇಟ್' ಎಂದು ಸೇರಿಸುತ್ತೇವೆ. ಕೈ ಅಭ್ಯಾಸದಂತೆ ನಾನು ಹಾಗೆಯೇ ಬರೆದು ಓದಿ ಹೇಳಿದೆ. ದೊಡ್ಡಮ್ಮನವರು ಬಾಗಿಲ ಮರೆಯಿಂದಲೇ ತಡೆದರು.

"ಲೇಟ್ ತೆಗಿ."

"ಈಗ ಅವರು ಇಲ್ವಲ್ಲ ದೊಡ್ಡಮ್ಮ. ರೂಲ್ಸ್ ಪ್ರಕಾರ ಹಾಕ್ಲೇಬೇಕು."

"ಆ ಮದುವೆ ದಿನ ಇದ್ರಲ್ಲ? ನಾನೂ ಇದ್ದೆ. ಆ ದಿನದ್ದು ತಾನೇ ಕೇಳ್ತಿರೋದು? ಬರೀ ಕೋಂ ಹಾಕು. ನಿನ್ನ ರೂಲ್ಸ್ ನನಗೆ ಹೇಳ್ಬೇಡ."

ಆ ಪದವನ್ನು ಹೊಡೆದುಹಾಕಿ ಹೊಸ ಹಾಳೆಯಲ್ಲಿ ಬರೆದೆ. ಅದರ ಒಕ್ಕಣೆ ಹೀಗಿತ್ತು: 'ಮೇಲ್ಕಂಡ ವಿಳಾಸದಲ್ಲಿ ವಾಸವಾಗಿರುವ ನಾನು ತಮ್ಮ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ವಿವಾಹದ ದಾಖಲೆಯಲ್ಲಿ ನನ್ನ ಪತಿಯವರನ್ನು ವಿಧುರರೆಂದು ನಮೂದಿಸಿದೆ. ಇದು ನನ್ನ ಮಾವನವರು ಅವರಿಗೆ ಹೇಳಿದ ತಪ್ಪು ಸಂಗತಿಯಿಂದ ಆದದ್ದು. ನನ್ನ ಪತಿಯವರ ತಪ್ಪಲ್ಲ. ಸದರಿ ದಿನದಂದು ನಾನು ಜೀವಂತಳಾಗಿದ್ದೆನು. ಈಗಲೂ ಜೀವಂತಳಾಗಿರುತ್ತೇನೆ. ಆದ್ದರಿಂದ ಸದರಿ ನಮೂದನ್ನು ಸರಿಪಡಿಸಬೇಕಾಗಿ ಪ್ರಾರ್ಥನೆ.' ಅವರು ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ಉಸಿರು ಬಿಗಿಹಿಡಿದು ರುಜು ಹಾಕಿದರು.

ಮುಂದಿನ ಶನಿವಾರ ಪಾದ್ರಿಯವರು ಅರ್ಜಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಬರೆದದ್ದನ್ನ ಹೊಡೆದುಹಾಕೋ ಹಾಗಿಲ್ಲ. ಅಂಚಲ್ಲಿ ಟಿಪ್ಪಣಿ ಬರೆದು ರುಜು ಹಾಕಬಹುದು. ಅಷ್ಟು ಅಧಿಕಾರ ನನಗಿದೆ."

"ಅಷ್ಟಾದ್ರೂ ಸಾಕು ಸ್ವಾಮಿ."

"ಸಾಕು ಅಂತೀರಿ. ಮೇಷ್ಟ್ರ ಮಗಳಿಗೆ ಈಗ ಗಂಡು ಗೊತ್ತಾಗಿದೆ. ಮುಂದಿನ ಭಾನುವಾರದಿಂದ ಸಭೇಲಿ ಪ್ರಕಟಣೆ ಓದ್ತೀನಿ, ಯಾರದಾದ್ರೂ ಅಡ್ಡಿ ಇದ್ಯಾ ಅಂತ. ಗಂಡಿನ ಕಡೆಯೋರು ಬಂದು ಇದೇ ಪುಸ್ತಕ ತಿರುವಿ ಹಾಕ್ತಾರೆ. ಮೊದಲ್ನೇ ಹೆಂಡತಿ ಬದುಕಿದ್ಲು ಅಂತ ಅಂಚಲ್ಲಿ ಇದ್ರೆ ಹುಡುಗಿ ತಾಯಿಯ ಮದುವೆ ಮದುವೆಯೇ ಅಲ್ಲ. ಆ ಹುಡುಗೀನ ಜನ ಏನಂತ ಕರೀತಾರೆ, ನಾನು ಬಾಯಲ್ಲಿ ಹೇಳ್ಬೇಕಾ?" ಅವರು ಅರ್ಜಿಯನ್ನು ಮಡಿಸಿ ನನ್ನ ಕೈಗೇ ಕೊಟ್ಟರು. "ಈ ಅಮ್ಮ ಕೇಳ್ತಿರೋದು ನ್ಯಾಯ. ಇಲ್ಲ ಅನ್ನೋಕ್ಕೆ ನನಗೆ ಬಾಯಿ ಬರಲ್ಲ. ನೀವು ಅವರಿಗೆ ಇದನ್ನ ಹೇಳಿ. ಆಮೇಲೂ ಬರಿ ಅಂದ್ರೆ ತಂದ್ಕೊಡಿ, ಅವತ್ತೇ ಬರೀತೀನಿ."

ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮನೆಗೆ ಬಂದು, ಒಂದು ಮಾತನ್ನೂ ಬಿಡದೆ ಹೇಳಿದೆ. ದೊಡ್ಡಮ್ಮನವರು ಗೋಡೆಗೊರಗಿ ಕೇಳಿದರು.

"ಹುಡುಗಿ ತಾಯಿ ಇದ್ದಾಳಾ?"

"ಇದ್ದಾರಂತೆ."

"ಅವಳಿಗೂ ಹೀಗೇನಾ?" ಅವರು ತಮ್ಮ ಸೆರಗನ್ನು ಮುಟ್ಟಿ ತೋರಿಸಿದರು.

"ಇಲ್ಲ ದೊಡ್ಡಮ್ಮ. ಅವರಲ್ಲಿ ಆ ಪದ್ಧತಿ ಇಲ್ಲ."

"ಕೂದಲು?"

"ಇರುತ್ತೆ."

ಹಿತ್ತಲಲ್ಲಿ ಕತ್ತಲಾಗುತ್ತ ಬಂದಿತ್ತು. ತಾಯಿಯವರು ಒಳಗಿನಿಂದ ದೀಪ ತಂದವರು ನಮ್ಮನ್ನು ನೋಡಿ ಹಾಗೆಯೇ ಹಿಂದಿರುಗಿದರು.

"ಆ ಮಗು ಏನ್ಮಾಡಿದೆ ಪಾಪ" ಎಂದರು ದೊಡ್ಡಮ್ಮನವರು ಕೊನೆಗೆ. "ಅರ್ಜಿ ಕೊಡ್ಬೇಡ."

"ಹರಿದುಹಾಕ್ಲಾ?"

"ಹರೀಬೇಡ! ಅಷ್ಟು ಕಷ್ಟಪಟ್ಟು ರುಜು ಹಾಕಿದೀನಿ. ನಿನ್ನ ಹತ್ರ ಇರ್ಲಿ. ಆ ಹುಡುಗಿ ಮದುವೆ ಆಗಿ, ಅವಳಮ್ಮನೂ ಹೋಗಿ, ನಾನೂ ಹೋದ್ಮೇಲೆ ತಗೊಂಡೋಗಿ ಕೊಡು. ಆಗ ಯಾರಿಗೂ ತೊಂದ್ರೆ ಇಲ್ಲ."

ಅದಾದ ಮೇಲೆ ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಮೊದಲಿನಂತೆ ಮಡಿಯುಟ್ಟು ಅಡಿಗೆ ಮಾಡಿದರು. ಆದರೆ ಪಿತೃಪಕ್ಷದಲ್ಲಿ ಬಾಗಿಲ ಹಿಂದೆ ಬಂದು ನಿಲ್ಲುವುದನ್ನು ಬಿಟ್ಟರು. ಕೆಲವು ವರ್ಷಗಳಲ್ಲಿ, ಯಾರಿಗೂ ಹೆಚ್ಚು ಕೆಲಸ ಕೊಡದೆ, ಅದೇ ಕೋಣೆಯಲ್ಲಿ ತೀರಿಕೊಂಡರು. ಅವರ ಕರ್ಮಗಳನ್ನು ನಾನು ಮಾಡಿದೆ.

ಆ ಹುಡುಗಿಗೆ ಮದುವೆಯಾಯಿತೆಂದು ಪಾದ್ರಿಯವರಿಂದ ತಿಳಿದಿದ್ದೆ. ಆಮೇಲೆ ಆ ಪಾದ್ರಿಯವರು ಬೇರೆ ಊರಿನ ಸಭೆಗೆ ಹೋದರು. ಆಕೆಯ ತಾಯಿ ಇದ್ದಾರೆಯೋ ಇಲ್ಲವೋ ಎಂಬುದನ್ನು ಹೊಸ ಪಾದ್ರಿಗಳ ಬಳಿ ವಿಚಾರಿಸುವುದಕ್ಕೆ ನನಗೆ ಇದುವರೆಗೆ ಧೈರ್ಯ ಬಂದಿಲ್ಲ. ಆ ಕಾರಣದಿಂದಲೇ ಇದರಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ನಮ್ಮ ಕಚೇರಿಯ ನಿಯಮದಂತೆ, ಅರ್ಜಿದಾರರು ಮೃತರಾದರೆ ಅವರ ಅರ್ಜಿ ಅಲ್ಲಿಗೆ ಮುಕ್ತಾಯವಾಗುತ್ತದೆ. ಅರ್ಜಿ ಇನ್ನೂ ನನ್ನ ಬಳಿ ಇದೆ. ಕೊಡುವ ದಿನ ಬಂದರೆ ಅದನ್ನು ತಿದ್ದಿ ಬರೆಯಬೇಕಾಗುತ್ತದೆ ಎಂದು ಹಲವು ಸಲ ಲೇಖನಿ ಹಿಡಿದು ಕುಳಿತಿದ್ದೇನೆ. 'ಈಗಲೂ ಜೀವಂತಳಾಗಿರುತ್ತೇನೆ' ಎಂಬ ಸಾಲನ್ನು ಹೊಡೆದುಹಾಕುವುದು ನನ್ನಿಂದ ಆಗಿಲ್ಲ.